ಡೀಸೆಲ್ ಟಾಕಿಗೆ ಇಳಿದ ಪೆಟ್ರೋಲು

ಆ ಮಧ್ಯಾಹ್ನ ಟ್ಯಾಂಕರ್ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಎದ್ದು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಚಾಲಕ ಒಳಗೆ ಬಂದು ಕಾಗದ ಮುಂದೆ ಹಿಡಿದಾಗ ಬೆರಳು ಒರೆಸಿಕೊಂಡು ಸಹಿ ಹಾಕಿದೆ. ಅದರಲ್ಲಿ ಅಚ್ಚಾಗಿದ್ದ ಸಾಲುಗಳು ನನಗೆ ಬಾಯಿಪಾಠ. ಇಳಿಸುವ ಮೊದಲು ಟಾಕಿಯ ಅಳತೆ ನೋಡಿದ್ದೇನೆ, ಟ್ಯಾಂಕರಿನ ಸೀಲು ನೋಡಿದ್ದೇನೆ, ಎಣ್ಣೆಯ ಸಾಂದ್ರತೆ ನೋಡಿದ್ದೇನೆ, ಸರಿಯಾದ ಟಾಕಿಗೆ ಇಳಿದು ಮುಗಿಯುವವರೆಗೆ ಖುದ್ದು ನಿಂತಿದ್ದೇನೆ. ನಾಲ್ಕರಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಬಸವನ ಬಾಗೇವಾಡಿಯಿಂದ ನಿಡಗುಂದಿಗೆ ಹೋಗುವ ರಸ್ತೆಯ ಪೆಟ್ರೋಲ್ ಪಂಪೊಂದರಲ್ಲಿ ನಾನು ಮ್ಯಾನೇಜರ್ ಆಗಿದ್ದೆ. ನನ್ನ ಜೊತೆ ಪಾಳಿ ಹಂಚಿಕೊಳ್ಳುತ್ತಿದ್ದ ಇನ್ನೊಬ್ಬ ಮ್ಯಾನೇಜರ್ ಕೆಲಸ ಬಿಟ್ಟು ತಿಂಗಳಾಗುತ್ತ ಬಂದಿತ್ತು. ಅವನ ಜಾಗಕ್ಕೆ ಯಾರೂ ಬಂದಿರಲಿಲ್ಲ. ತೊಗರಿ ರಾಶಿಯ ದಿನಗಳು. ಬೆಳಿಗ್ಗೆ ಆರಕ್ಕೆ ಬೀಗ ತೆಗೆದರೆ ಕತ್ತಲಾಗುವವರೆಗೆ ಟ್ರ್ಯಾಕ್ಟರ್, ರಾಶಿ ಮಷಿನ್, ಲಾರಿ, ಕೈಯಲ್ಲಿ ಕ್ಯಾನು ಹಿಡಿದ ರೈತರು. ನಾನು ಒಂದು ದಿನವೂ ರಜೆ ಇಲ್ಲದೆ ಇಪ್ಪತ್ತೆರಡು ದಿನ ದುಡಿದಿದ್ದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ದಣಿದ ಮನುಷ್ಯ ಯಾವ ಕೆಲಸವನ್ನು ಮೊದಲು ಕೈಬಿಡುತ್ತಾನೆ ಎಂಬುದು ನನಗೆ ಆಗ ತಿಳಿಯಿತು. ಯಾರೂ ನೋಡದ ಕೆಲಸವನ್ನು.

ಯಾವಾಗಲೂ ಬರುತ್ತಿದ್ದ ಟ್ಯಾಂಕರ್ ಚಾಲಕ ಅವತ್ತು ಬಂದಿರಲಿಲ್ಲ. ಬಂದವನು ಇಂಡಿ ಕಡೆಯವನು, ನಲವತ್ತರ ಆಸುಪಾಸಿನ ಮಿತಭಾಷಿ. ನಮ್ಮ ಪಂಪಿಗೆ ಅವನು ಬರುವುದು ಅದೇ ಮೊದಲು. ಟ್ಯಾಂಕರಿನ ಮೂರು ಖಾನೆಗಳಲ್ಲಿ ಒಂದರಲ್ಲಿದ್ದ ನಾಲ್ಕು ಸಾವಿರ ಲೀಟರ್ ಪೆಟ್ರೋಲು ಮಾತ್ರ ನಮ್ಮದು. ಉಳಿದೆರಡರ ಡೀಸೆಲ್ ಮುಂದಿನ ಪಂಪಿನದು. ಅವನು ಅದನ್ನೂ ಇಳಿಸಿ ಸಂಜೆಯೊಳಗೆ ಡಿಪೋಗೆ ವಾಪಸು ಹೋಗಬೇಕಿತ್ತು. ಅರ್ಧ ಗಂಟೆಯಲ್ಲಿ ಪೈಪು ಸುತ್ತಿಕೊಂಡು ಹೊರಟುಹೋದ.

ನಾಲ್ಕು ಗಂಟೆಯ ಹೊತ್ತಿಗೆ ನಾನು ಅಳತೆಯ ಕೋಲು ತೆಗೆದುಕೊಂಡು ಹಿಂದಿನ ಅಂಗಳಕ್ಕೆ ಹೋದೆ. ನೆಲದಡಿಯಲ್ಲಿ ಎರಡು ಟಾಕಿ, ಒಂದು ಪೆಟ್ರೋಲಿನದು, ಒಂದು ಡೀಸೆಲಿನದು. ಎಣ್ಣೆ ತುಂಬುವ ಬಾಯಿಗಳು ಮಾರು ದೂರದಲ್ಲಿ ಅಕ್ಕಪಕ್ಕ ಇದ್ದವು; ಕೋಲು ಇಳಿಸುವ ಸಣ್ಣ ಕೊಳವೆಗಳು ಬೇರೆ. ಪೆಟ್ರೋಲ್ ಟಾಕಿಗೆ ಕೋಲು ಇಳಿಸಿ ಎತ್ತಿದೆ. ಒದ್ದೆಯ ಗೆರೆ ಬೆಳಿಗ್ಗೆ ಇದ್ದದ್ದಕ್ಕಿಂತ ಕೆಳಗಿತ್ತು. ಕೋಲು ಒರೆಸಿ ಮತ್ತೆ ಇಳಿಸಿದೆ. ಅದೇ ಗೆರೆ. ನಾಲ್ಕು ಸಾವಿರ ಲೀಟರ್ ಇಳಿದ ಗುರುತೇ ಇಲ್ಲ. ಚಾಲಕ ಎಣ್ಣೆ ಇಳಿಸದೆ ಮೋಸ ಮಾಡಿ ಹೋದನೇ ಎಂದು ಮೊದಲು ಅನ್ನಿಸಿತು. ಆಮೇಲೆ ಡೀಸೆಲ್ ಟಾಕಿಗೆ ಕೋಲು ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಆರು ಸಾವಿರ ಲೀಟರ್ ಇರಬೇಕಾದ ಟಾಕಿಯ ಗೆರೆ ಹತ್ತು ಸಾವಿರದ ಹತ್ತಿರ ನಿಂತಿತ್ತು. ಕೋಲಿನ ತುದಿಯನ್ನು ಮೂಗಿಗೆ ಹಿಡಿದೆ, ಪೆಟ್ರೋಲಿನ ವಾಸನೆ. ಸಾಂದ್ರತೆ ನೋಡುವ ಗಾಜಿನ ನಳಿಗೆ ತಂದು, ಆ ಟಾಕಿಯಿಂದ ಜಾಡಿಗೆ ತೆಗೆದ ಎಣ್ಣೆಯಲ್ಲಿ ಬಿಟ್ಟರೆ, ಡೀಸೆಲಿನಲ್ಲಿ ಮೇಲೆ ತೇಲಬೇಕಾದ ಅದು ಕುತ್ತಿಗೆಯವರೆಗೆ ಮುಳುಗಿತು.

ಓಡಿಹೋಗಿ ಡೀಸೆಲ್ ಮಷಿನುಗಳ ವಿದ್ಯುತ್ ತೆಗೆದೆ. ಪಂಪಿನ ಹಿರಿಯ ಕೆಲಸಗಾರನಿಗೆ, ಅವನು ಹದಿನೈದು ವರ್ಷದಿಂದ ಅಲ್ಲಿದ್ದವನು, ಯಾರಿಗೂ ಒಂದು ಹನಿ ಡೀಸೆಲ್ ಕೊಡಬೇಡ, ಬೀಡಿ ಸೇದುವವರನ್ನು ಒಳಗೆ ಬಿಡಬೇಡ ಎಂದು ಹೇಳಿ ಮತ್ತೆ ಹಿಂದಕ್ಕೆ ಬಂದೆ. ಆಗ ಕಂಡಿತು.

ನಮ್ಮಲ್ಲಿ ಪೆಟ್ರೋಲಿನ ಬಾಯಿಗೆ ಕೆಂಪು ಮುಚ್ಚಳ, ಡೀಸೆಲಿನದಕ್ಕೆ ಹಳದಿ. ಈಗ ಡೀಸೆಲ್ ಬಾಯಿಯ ಮೇಲೆ ಕೆಂಪು ಮುಚ್ಚಳ ಇತ್ತು.

ಎರಡು ದಿನದ ಹಿಂದೆ ಎಣ್ಣೆ ಕಂಪನಿಯ ಅಧಿಕಾರಿ ತಪಾಸಣೆಗೆ ಬರುತ್ತಾರೆಂದು ಆ ಮುಚ್ಚಳಗಳನ್ನು ಬಿಚ್ಚಿ, ತುಕ್ಕು ಕೆರೆದು, ಬಣ್ಣ ಬಳಿಸಿದ್ದೆ. ಒಣಗಿದ ಮೇಲೆ ವಾಪಸು ಕೂರಿಸಿದವನು ನಾನೇ. ಎರಡರ ಅಳತೆಯೂ ಒಂದೇ. ಯಾರೋ ಲಾರಿಯವನು ಬಂದು ಬಾಕಿಯ ಚೀಟಿಯ ವಿಷಯ ಕೇಳುತ್ತಿದ್ದ; ಅವನಿಗೆ ಉತ್ತರ ಕೊಡುತ್ತ ನಟ್ಟು ಬಿಗಿಯುವ ಪಾನ ತಿರುಗಿಸಿದ್ದೆ. ಆಮೇಲಿನ ಎರಡು ದಿನ ಲೋಡು ಬಂದಿರಲಿಲ್ಲ, ಆ ಕಡೆ ಯಾರೂ ಹೋಗಿರಲಿಲ್ಲ. ಹೊಸ ಚಾಲಕ ಕೆಂಪು ಮುಚ್ಚಳ ನೋಡಿದ, ಪೆಟ್ರೋಲ್ ಇಳಿಸಿದ. ಅವನು ಮಾಡಿದ್ದು ಸರಿಯಾಗಿಯೇ ಇತ್ತು.

ಅಂಗಳದಲ್ಲಿ ನಾನೊಬ್ಬನೇ ಇದ್ದೆ. ಪಾನ ತಂದೆ, ಎರಡೂ ಮುಚ್ಚಳ ಬಿಚ್ಚಿದೆ, ಅದಲು ಬದಲು ಮಾಡಿ ಬಿಗಿದೆ. ಮತ್ತೊಂದು ಅನಾಹುತ ಆಗಬಾರದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ಸುಳ್ಳೂ ಅಲ್ಲ. ಆದರೆ ಬಿಗಿದು ಮುಗಿಸಿ ಏಳುವಾಗ ನಾನು ಮೊದಲು ಮಾಡಿದ್ದು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ್ದು.

ಮಾಲಕರಿಗೆ ಫೋನು ಮಾಡಿದೆ. ಅವರು ಅರವತ್ತು ದಾಟಿದವರು. ಬಾಗೇವಾಡಿಯಲ್ಲಿ ತೊಗರಿ ವ್ಯಾಪಾರವೂ ಇತ್ತು. ಅರ್ಧ ತಾಸಿನಲ್ಲಿ ಜೀಪಿನಲ್ಲಿ ಬಂದರು. ಟಾಕಿಯ ಬಾಯಿಗಳನ್ನು ನೋಡಿ, ಬಣ್ಣ ಇಷ್ಟು ಚೊಕ್ಕ ಇರುವಾಗ ಆ ಚಾಲಕನಿಗೆ ಕಣ್ಣು ಇರಲಿಲ್ಲವೇ ಎಂದು ಬೈದರು. ನಾನು ಸುಮ್ಮನಿದ್ದೆ. ಬಾಯಿ ಬಿಟ್ಟು ಹೇಳಬಹುದಾಗಿದ್ದ ಮೊದಲ ಗಳಿಗೆ ಅದು. ಹಾಗೇ ದಾಟಿಹೋಯಿತು.

ಆಗ ಎಲ್ಲಕ್ಕಿಂತ ದೊಡ್ಡ ಕೆಲಸ ಮಾರಿಹೋದ ಎಣ್ಣೆಯನ್ನು ಹುಡುಕುವುದಾಗಿತ್ತು. ಟ್ಯಾಂಕರ್ ಹೋದಾಗಿನಿಂದ ವಿದ್ಯುತ್ ತೆಗೆಯುವವರೆಗೆ ಎರಡೂ ಡೀಸೆಲ್ ಮಷಿನುಗಳ ಮೀಟರ್ ಸೇರಿ ಆರುನೂರ ನಲವತ್ತು ಲೀಟರ್ ಓಡಿತ್ತು. ಹತ್ತರಲ್ಲಿ ನಾಲ್ಕು ಪಾಲು ಪೆಟ್ರೋಲು. ಡೀಸೆಲ್ ಇಂಜಿನ್ನಿನ ಪಂಪಿಗೆ ಎಣ್ಣೆಯೇ ಜಿಡ್ಡು. ಪೆಟ್ರೋಲ್ ಬೆರೆತರೆ ಆ ಜಿಡ್ಡು ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ಎಷ್ಟು ಬೇಗ ಗಾಡಿ ನಿಲ್ಲಿಸಿದರೆ ಅಷ್ಟು ಉಳಿಯುತ್ತದೆ.

ಹಿರಿಯ ಕೆಲಸಗಾರನನ್ನು ಕೂರಿಸಿಕೊಂಡು ಪಟ್ಟಿ ಮಾಡಿದೆ. ಖಾಯಂ ಗಿರಾಕಿಗಳ ಚೀಟಿಗಳಿದ್ದವು, ಉಳಿದದ್ದು ಅವನ ನೆನಪು. ಎರಡು ಲಾರಿ, ನಾಲ್ಕು ಟ್ರ್ಯಾಕ್ಟರ್, ಮುದ್ದೇಬಿಹಾಳಕ್ಕೆ ಜನ ಸಾಗಿಸುವ ಒಂದು ಜೀಪು, ಒಂದು ಟೆಂಪೋ, ರಾಶಿ ಮಷಿನ್ನಿನವರ ಒಂದು ಬ್ಯಾರಲ್, ಕ್ಯಾನುಗಳು ಎರಡು. ಮಾಲಕರ ಜೀಪಿನಲ್ಲಿ ಹೊರಟೆ. ಒಂದು ಲಾರಿ ಕೊಲ್ಹಾರದ ಸೇತುವೆ ದಾಟಿ ಆಗಲೇ ನಿಂತಿತ್ತು; ಬಾನೆಟ್ ಎತ್ತಿ ಕೂತಿದ್ದ ಅದರ ಚಾಲಕ ನನ್ನ ಮಾತು ಕೇಳಿ ಮುಖ ತಿರುಗಿಸಿದ. ಟ್ರ್ಯಾಕ್ಟರುಗಳನ್ನು ಹೊಲಕ್ಕೇ ಹೋಗಿ ನಿಲ್ಲಿಸಿದೆ. ರಾಶಿ ನಡುವೆ ಮಷಿನ್ ನಿಲ್ಲಿಸಿ ಎಂದಾಗ ಒಬ್ಬ ರೈತ, ನಾಳೆ ಮೋಡ ಆದರೆ ಈ ತೊಗರಿಯನ್ನು ನೀನು ಬಂದು ಆರಿಸುತ್ತೀಯಾ ಎಂದು ಕೇಳಿದ. ಜೀಪು ಮಾತ್ರ ಮುದ್ದೇಬಿಹಾಳದ ಹತ್ತಿರ ಪೂರ್ತಿ ಕೆಟ್ಟು ನಿಂತಿತ್ತು. ಅದರ ಇಂಜಿನ್ನಿನ ಪಂಪು ಜಾಮ್ ಆಗಿತ್ತು. ಅದೊಂದೇ ಗಾಡಿ ಜೀಪಿನವನ ಮನೆಯ ಅನ್ನ.

ಮರಳಿ ಬಂದು ಲೆಕ್ಕ ಕೂಡಿಸಿದರೆ ಆರುನೂರ ಇಪ್ಪತ್ತು. ಇಪ್ಪತ್ತು ಲೀಟರ್ ಎಲ್ಲೋ ಹೊರಗಿತ್ತು.

ಆ ಇಪ್ಪತ್ತು ಲೀಟರ್ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದಾಗ ಹಿರಿಯ ಕೆಲಸಗಾರನಿಗೆ ನೆನಪಾಯಿತು. ಬಿಳಿ ಕ್ಯಾನು, ಹಿಡಿಕೆ ಮುರಿದು ಹಗ್ಗ ಕಟ್ಟಿದ್ದು. “ಅದನ್ನ ಒಯ್ದಾವನ ಪ್ಯಾಂಟಿಗೆ ಡಾಂಬರ ಹತ್ತಿತ್ತ್ರಿ,” ಎಂದ. ಹೇಳುತ್ತಿದ್ದಂತೆ ಇಬ್ಬರಿಗೂ ಅರ್ಥವಾಯಿತು. ನಿಡಗುಂದಿಯಿಂದ ಮುದ್ದೇಬಿಹಾಳದ ಕಡೆ ರಸ್ತೆ ಕೆಲಸ ನಡೆದಿತ್ತು. ಡಾಂಬರು ಕಾಯಿಸುವವರು ಕಟ್ಟಿಗೆಯ ಮೇಲೆ ಡೀಸೆಲ್ ಸುರಿದು ಬೆಂಕಿ ಹಚ್ಚುತ್ತಾರೆ. ಡೀಸೆಲ್ ನಿಧಾನ ಹತ್ತುತ್ತದೆ, ಅದಕ್ಕೇ ಅವರಿಗೆ ಭಯವಿರುವುದಿಲ್ಲ. ಪೆಟ್ರೋಲ್ ಬೆರೆತದ್ದು ಹಾಗಲ್ಲ.

ನಾನು ಮಾಲಕರ ಜೀಪಿನಲ್ಲಿ ಅಲ್ಲಿಗೆ ಮುಟ್ಟಿದಾಗ ಎಂಟೂವರೆ. ಡಾಂಬರಿನ ಡ್ರಮ್ಮಿನ ಕೆಳಗೆ ಕಟ್ಟಿಗೆ ಅರ್ಧ ಸುಟ್ಟು ಕಪ್ಪಾಗಿತ್ತು. ಯಾರೂ ಕೆಲಸ ಮಾಡುತ್ತಿರಲಿಲ್ಲ. ಮುಕಾದಮ, ಅಂದರೆ ಆ ಕೂಲಿಗಳ ಮೇಲ್ವಿಚಾರಕ, ಆರೂವರೆಗೆ ಬೆಂಕಿ ಹಚ್ಚುವಾಗ ಒಬ್ಬ ಹೆಣ್ಣುಮಗಳ ಕೈ ಸುಟ್ಟಿತೆಂದೂ, ಮುದ್ದೇಬಿಹಾಳದ ಆಸ್ಪತ್ರೆಗೆ ಕಳಿಸಿದ್ದೇನೆಂದೂ ಹೇಳಿದ. ಹಗ್ಗದ ಹಿಡಿಕೆಯ ಕ್ಯಾನು ಕಲ್ಲಿನ ಗುಡ್ಡೆಯ ಪಕ್ಕ ಇತ್ತು. ಅದನ್ನು ಎತ್ತಿ ಜೀಪಿನಲ್ಲಿಟ್ಟುಕೊಂಡೆ.

ಆಸ್ಪತ್ರೆಯಲ್ಲಿ ಆಕೆಯ ಎರಡೂ ಕೈಗಳಿಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಮುಖಕ್ಕೆ ಬಿಸಿ ತಾಗಿ ಒಂದು ಹುಬ್ಬಿನ ಕೂದಲು ಹೋಗಿತ್ತು. ಮೂವತ್ತರ ಒಳಗಿನವಳು. ಜೀವಕ್ಕೆ ಅಪಾಯವಿಲ್ಲ, ಬೆರಳು ಮೊದಲಿನ ಹಾಗೆ ಮಡಚುವುದು ಮಾತ್ರ ಅನುಮಾನ ಎಂದು ವೈದ್ಯರು ಹೊರಗೆ ಹೇಳಿದ್ದರು. ನಾನು ಪಂಪಿನವನು ಎಂದಾಗ ಆಕೆ ಎದ್ದು ಕೂರಲು ನೋಡಿದಳು.

“ನಾನೇ ಜಾಸ್ತಿ ಸುರುವಿರಬೇಕ್ರಿ,” ಎಂದಳು. “ದಿನಾ ಒಂದ ಚಂಬು ಹಾಕ್ತಿದ್ದೆ. ಇವತ್ತೂ ಅಷ್ಟ ಹಾಕಿದ್ದು ನೆನಪೈತಿ. ಆದ್ರ ಮುಕಾದಮ್ರು, ನೀ ಜಾಸ್ತಿ ಹಾಕೀದಿ ಅಂದ್ರು. ಹಂಗಿದ್ರೂ ಇರಬಹುದ್ರಿ.”

“ನಿಂದೇನೂ ತಪ್ಪಿಲ್ಲ ತಂಗಿ. ಎಣ್ಣಿನೇ ಸರಿ ಇರಲಿಲ್ಲ. ಅದರಾಗ ಪೆಟ್ರೋಲ್ ಕೂಡಿತ್ತು.”

ಆಕೆ ತನ್ನ ಕೈಗಳನ್ನೇ ನೋಡಿದಳು. “ಮತ್ತ ಯಾರ ತಪ್ಪ್ರಿ?”

ಬಾಯಿಗೆ ಬಂದೇಬಿಟ್ಟಿತು. “ಟ್ಯಾಂಕರ್ ಡ್ರೈವರಂದು. ಬ್ಯಾರೆ ಟಾಕಿಗೆ ಹಾಕ್ಯಾನ.”

“ಪಾಪ,” ಎಂದಳು ಆಕೆ. “ಅವಗ ಗೊತ್ತಾಗಿರಲಿಕ್ಕಿಲ್ರಿ.”

ಅಲ್ಲಿಯವರೆಗೆ ನಾನು ಬರೀ ಸುಮ್ಮನಿದ್ದೆ, ಸುಳ್ಳು ಹೇಳಿರಲಿಲ್ಲ. ಅಲ್ಲಿಂದ ಆಚೆ ಹಾಗೆ ಅಂದುಕೊಳ್ಳುವ ಅನುಕೂಲವೂ ಉಳಿಯಲಿಲ್ಲ.

ಮುಂದಿನ ದಿನಗಳು ಒಂದರ ಹಿಂದೊಂದು ಬಂದವು. ಕಂಪನಿಯ ಅಧಿಕಾರಿ ಬಂದು ಡೀಸೆಲ್ ಟಾಕಿಗೆ ಸೀಲು ಹಾಕಿದ. ಮಾದರಿಯನ್ನು ಅಲ್ಯುಮಿನಿಯಂ ಬಾಟಲಿಗಳಲ್ಲಿ ತುಂಬಿ, ತಂತಿ ಬಿಗಿದು, ಅರಗು ಕರಗಿಸಿ ಮುದ್ರೆ ಒತ್ತಿದರು. ಒಂದು ಪ್ರಯೋಗಾಲಯಕ್ಕೆ, ಒಂದು ಕಂಪನಿಗೆ, ಒಂದು ನಮ್ಮ ಕಪಾಟಿಗೆ. ವಿದ್ಯುತ್ ಮೋಟರ್ ಬಳಸುವ ಹಾಗಿರಲಿಲ್ಲ. ಕಿಡಿ ಹಾರಿದರೆ ಮುಗಿಯಿತು. ಅಪ್ಪಣೆ ಬಂದ ಮೇಲೆ ಹಾಳಾದ ಎಣ್ಣೆಯನ್ನು ಕೈಪಂಪಿನಿಂದ ಬ್ಯಾರಲುಗಳಿಗೆ ಎತ್ತಿದೆವು. ಮೂರು ದಿನ, ಪಾಳಿ ಹಚ್ಚಿ. ವಾಸನೆಗೆ ತಲೆ ಸುತ್ತಿದಾಗ ಬೇವಿನ ಗಿಡದ ಕೆಳಗೆ ಹೋಗಿ ಕೂರುವುದು, ಮತ್ತೆ ಬರುವುದು. ನಡುನಡುವೆ ಗಾಡಿಯವರು ಬಂದು ಕೇಳುತ್ತಿದ್ದರು. ಎಲ್ಲರಿಗೂ ಒಂದೇ ಉತ್ತರ: ವಿಮೆಯ ಸರ್ವೇಯರ್ ಬರಬೇಕು, ಯಾರ ತಪ್ಪು ಎಂದು ತೀರ್ಮಾನ ಆಗಬೇಕು.

ಮೀಟರಿನಿಂದ ಲೆಕ್ಕ ತೆಗೆದು ಗಾಡಿಗಳನ್ನು ಹುಡುಕಿದ್ದಕ್ಕೆ ಎಲ್ಲರೂ ನನ್ನನ್ನು ಹೊಗಳಿದರು. ಅಧಿಕಾರಿ ತನ್ನ ವರದಿಯಲ್ಲಿಯೂ ಬರೆದನಂತೆ. ಮಾಲಕರು ಇದನ್ನು ನಾಲ್ಕು ಜನರ ಎದುರು ಹೇಳಿದಾಗ ನಾನು ಎದ್ದು ನೀರು ಕುಡಿಯಲು ಹೋದೆ.

ಐದನೆಯ ದಿನ ಟ್ಯಾಂಕರ್ ಚಾಲಕನನ್ನು ಕರೆಸಿದರು. ಅವನ ಜೊತೆ ಸಾಗಣೆ ಗುತ್ತಿಗೆದಾರನೂ ಇದ್ದ. ಚಾಲಕ ಎಲ್ಲರ ಎದುರು ನಿಂತು, ತಾನು ಕೆಂಪು ಮುಚ್ಚಳವನ್ನೇ ತೆಗೆದದ್ದು, ಮೊದಲು ಕೂಗಿ ಕೇಳಿದ್ದೂ ಹೌದು ಎಂದ. ಹಿರಿಯ ಕೆಲಸಗಾರ ಹೌದೆಂದ. ಕೆಂಪು ಪೆಟ್ರೋಲಿಂದೇನ್ರಿ ಎಂದು ಅವನು ಕೇಳಿದ್ದ, ಹೌದು ಎಂದು ತಾನು ಮಷಿನ್ ಬಿಟ್ಟು ಬಾರದೆ ದೂರದಿಂದಲೇ ಹೇಳಿದ್ದಾಗಿ ಒಪ್ಪಿಕೊಂಡ. ಎಲ್ಲರೂ ಹಿಂದಿನ ಅಂಗಳಕ್ಕೆ ಹೋದರು. ಕೆಂಪು ಮುಚ್ಚಳ ಪೆಟ್ರೋಲಿನ ಬಾಯಿಯ ಮೇಲೆ ಇತ್ತು. ಹಾಗಾದರೆ ಪೆಟ್ರೋಲು ಪೆಟ್ರೋಲಿನ ಟಾಕಿಯಲ್ಲಿ ಇರಬೇಕಿತ್ತಲ್ಲ ಎಂದು ಗುತ್ತಿಗೆದಾರನೇ ಅವನನ್ನು ಕೇಳಿದ. ಚಾಲಕ ಕುಕ್ಕರಗಾಲಿನಲ್ಲಿ ಕೂತು ಎರಡೂ ಮುಚ್ಚಳಗಳನ್ನು ಬಹಳ ಹೊತ್ತು ನೋಡಿದ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಆಮೇಲೆ ಎದ್ದು, “ನನಗ ಹಂಗ ಕಂಡಿತ್ತ್ರಿ,” ಎಂದಷ್ಟೇ ಹೇಳಿದ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಅವತ್ತೇ ಅವನನ್ನು ಗಾಡಿಯಿಂದ ಇಳಿಸಿದರು.

ನಾನು ಅವನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದೆ. ಹೇಳಲಿಲ್ಲ. ಹೆಂಡತಿ, ಶಾಲೆಗೆ ಹೋಗುವ ಮಗಳು, ಬಾಗೇವಾಡಿಯಲ್ಲಿನ ಬಾಡಿಗೆ ಮನೆ, ಇವೆಲ್ಲ ತಲೆಯಲ್ಲಿ ಬಂದವು ಎಂದರೆ ಕೇಳಲು ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಅಂಥದ್ದೇನೂ ಬರಲಿಲ್ಲ. ಬಂದದ್ದು ದಣಿವು ಒಂದೇ. ಇವತ್ತು ಹೇಳಿದರೆ ಎಲ್ಲ ಮತ್ತೆ ಮೊದಲಿಂದ ಶುರುವಾಗುತ್ತದೆ, ಮತ್ತೆ ಎಲ್ಲರಿಗೂ ವಿವರಿಸಬೇಕು, ಅದಕ್ಕೆ ಶಕ್ತಿಯಿಲ್ಲ ಅನ್ನಿಸಿತು.

ನಡುವೆ ಎರಡು ಸಲ ಮುದ್ದೇಬಿಹಾಳದ ಆಸ್ಪತ್ರೆಗೆ ಹೋಗಿದ್ದೆ. ಎರಡನೆಯ ಸಲ ಆಕೆಯ ಗಂಡ ಅವಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದ. ಆ ಡ್ರೈವರನಿಗೆ ಏನಾಯಿತು ಎಂದು ಆಕೆ ಕೇಳಿದಳು. ಕೆಲಸದಿಂದ ತೆಗೆದರು ಎಂದೆ. ಆಕೆ ಬಾಯಿಯಲ್ಲಿದ್ದ ತುತ್ತನ್ನು ನುಂಗಿ, ಅವನಿಗೂ ಮಕ್ಕಳಿರಬಹುದು, ನನ್ನ ಸಲುವಾಗಿ ಹಾಗೆ ಮಾಡಬೇಡಿ ಎಂದು ಹೇಳಿ ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಮುದ್ದೇಬಿಹಾಳದಿಂದ ನಿಡಗುಂದಿಯವರೆಗೆ ಕಿಟಕಿಯ ಹೊರಗೆ ಏನಿತ್ತೋ ನನಗೆ ಗೊತ್ತಿಲ್ಲ.

ಹನ್ನೊಂದನೆಯ ದಿನ ವಿಮೆಯ ಸರ್ವೇಯರ್ ಬಂದರು. ನಿವೃತ್ತಿಯ ವಯಸ್ಸಿನವರು, ಬಿಜಾಪುರದಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಅವಸರವಿಲ್ಲದ ಮನುಷ್ಯ. ಟೇಪು ಹಿಡಿದು ಎರಡು ಬಾಯಿಗಳ ನಡುವಿನ ಅಂತರ ಅಳೆದರು. ಮೀಟರಿನ ಅಂಕಿ, ಅಳತೆಯ ವಹಿ, ನಾನು ಸಹಿ ಹಾಕಿದ ಕಾಗದ, ಎಲ್ಲವನ್ನೂ ನೋಡಿ ತಮ್ಮ ವಹಿಯಲ್ಲಿ ಬರೆದುಕೊಂಡರು. ಹಿರಿಯ ಕೆಲಸಗಾರನನ್ನು ಅರ್ಧ ತಾಸು ಮಾತಾಡಿಸಿದರು. ಇಂಡಿಗೂ ಹೋಗಿ ಚಾಲಕನ ಹೇಳಿಕೆ ತಂದಿದ್ದರು.

ಮಾಲಕರಿಗೂ ನನಗೂ ಅವರು ವಿಷಯ ಬಿಡಿಸಿ ಹೇಳಿದರು. ಚಾಲಕನ ತಪ್ಪಾದರೆ ಸಾಗಣೆಯವನ ವಿಮೆ ಗಾಡಿಗಳ ದುರಸ್ತಿ ಕೊಡಬೇಕು. ಪಂಪಿನ ತಪ್ಪಾದರೆ ಪಂಪಿನ ವಿಮೆ. ಎರಡರಲ್ಲಿ ಯಾವುದೆಂದು ತೀರ್ಮಾನ ಆಗದಿದ್ದರೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಪತ್ರ ಬರೆಯುತ್ತ ವರ್ಷಗಟ್ಟಲೆ ಕೂರುತ್ತಾರೆ, ಜೀಪಿನವನು ಅಲ್ಲಿಯವರೆಗೆ ಗ್ಯಾರೇಜಿನ ಮುಂದೆ ಕೂರುತ್ತಾನೆ. ಸುಟ್ಟ ಹೆಣ್ಣುಮಗಳ ವಿಷಯ ಬೇರೆ. ಎಣ್ಣೆಯನ್ನು ನಿಯಮ ಮೀರಿ ಕ್ಯಾನಿನಲ್ಲಿ ಕೊಟ್ಟದ್ದರಿಂದ ವಿಮೆಯವರು ತಕರಾರು ತೆಗೆಯುವುದು ಖಂಡಿತ. ಮಾಲಕರು, ಚಾಲಕನ ತಪ್ಪು ಕಣ್ಣಿಗೆ ಕಾಣುವಂತೆ ಇದೆಯಲ್ಲ ಎಂದರು. ಯಾರನ್ನೋ ಕಾಣಲು ಹೊರಗೆ ಹೋದರು.

ನಾವಿಬ್ಬರೇ ಉಳಿದೆವು. ಸರ್ವೇಯರ್ ಬಿಳಿ ಹಾಳೆ ನನ್ನ ಮುಂದಿಟ್ಟು, ನಿಮ್ಮ ಕೈಯಿಂದಲೇ ಬರೆಯಿರಿ ಎಂದರು. ಟ್ಯಾಂಕರ್ ಬಂದ ಹೊತ್ತು, ಸಹಿ, ಕೋಲಿನ ಅಳತೆ, ವಿದ್ಯುತ್ ತೆಗೆದ ಹೊತ್ತು ಬರೆದೆ. ಊಟಕ್ಕೆ ಕೂತಿದ್ದೆ ಎಂದೂ ಬರೆದೆ. ಅದು ಹೇಗೂ ಎಲ್ಲರಿಗೂ ಗೊತ್ತಿತ್ತು.

“ಇನ್ನ ಮುಚ್ಚಳದ ಬಗ್ಗೆ ಒಂದ ಸಾಲು ಬರೀರಿ,” ಎಂದರು. “ಅವತ್ತು ಹ್ಯಾಂಗಿದ್ವು ಅಂತ. ಉಳದಿದ್ದೆಲ್ಲಾ ಕೂಡತೈತಿ, ಡ್ರೈವರನ ಮಾತ ಒಂದು ಕೂಡಾಕತ್ತಿಲ್ಲ. ಅಂವ ಸುಳ್ಳ ಹೇಳಾವ ಅಂತ ನನಗ ಅನಸಲಿಲ್ಲ. ಆದ್ರ ನನಗ ಅನಸಿದ್ದು ವರದಿಯೊಳಗ ಬರಿಯಾಕ ಬರೂದಿಲ್ಲ.”

‘ಮುಚ್ಚಳಗಳು’ ಎಂದು ಬರೆದು ನಿಲ್ಲಿಸಿದೆ. ‘ಸರಿಯಾಗಿದ್ದವು’ ಎಂಬ ಒಂದೇ ಪದ ಬಾಕಿ ಇತ್ತು. ಅದನ್ನು ಬರೆದರೆ ಗಾಡಿಗಳವರಿಗೂ ತೊಂದರೆಯಿಲ್ಲ, ಅವರ ದುರಸ್ತಿ ಹೇಗೂ ಆಗುತ್ತದೆ ಎಂದು ಹನ್ನೊಂದು ದಿನದಿಂದ ಲೆಕ್ಕ ಹಾಕಿಟ್ಟಿದ್ದೆ. ಆದರೆ ಇದು ಬಾಯಿಮಾತಲ್ಲ. ನನ್ನ ಅಕ್ಷರದಲ್ಲಿ, ನನ್ನ ಸಹಿಯ ಮೇಲೆ ಉಳಿಯುವಂಥದ್ದು. ಓದದೆ ಹಾಕಿದ ಒಂದು ಸಹಿ ಮಾಡಿದ್ದನ್ನು ನೋಡಿಯಾಗಿತ್ತು. ಇದು ಓದಿ, ತಿಳಿದು ಹಾಕುವ ಸಹಿ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಸರ್ವೇಯರ್ ಅವಸರ ಮಾಡಲಿಲ್ಲ.

‘ಮುಚ್ಚಳಗಳು ಅದಲುಬದಲಾಗಿದ್ದವು’ ಎಂದು ಬರೆದೆ. ‘ಎರಡು ದಿನ ಮೊದಲು ಬಣ್ಣ ಬಳಿಸಿ ಹಾಗೆ ಕೂರಿಸಿದವನು ನಾನು. ವಿಷಯ ತಿಳಿದ ಮೇಲೆ ಯಾರಿಗೂ ಹೇಳದೆ ಅವನ್ನು ಸರಿಮಾಡಿದವನೂ ನಾನೇ. ಚಾಲಕ ಹೇಳಿದ್ದು ನಿಜ.’

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಮ್ಮೆ ಈ ಹಾಳಿ ಚೀಲದಾಗ ಹಾಕ್ಕೊಂಡ್ರ ಮತ್ತ ಹೊರಗ ತಗಿಯಾಕ ಬರೂದಿಲ್ಲ. ಬೇಕಾದ್ರ ಹೊರಗ ಹೋಗಿ ಒಂದ ಚಾ ಕುಡದ ಬರ್ರಿ. ನಾ ಇಲ್ಲೇ ಇರ್ತೇನಿ.”

ಬೇಡ ಎಂದೆ. ಸಹಿ ಹಾಕಿದೆ.

ಮಾಲಕರು ಬಂದಾಗ ನಾನೇ ಹೇಳಿದೆ. ಅವರು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ನನ್ನ ಕಡೆ ನೋಡಲೇ ಇಲ್ಲ. ಎಂಟು ವರ್ಷ ಅವರ ಕೈಯಲ್ಲಿ ಕೆಲಸ ಮಾಡಿದ್ದೆ. ಬೈಗುಳ ತಿಂದಿದ್ದೆ, ಮದುವೆಗೆ ಉಡುಗೊರೆ ಪಡೆದಿದ್ದೆ.

“ಮೊದಲನೇ ದಿನ ಹೇಳಿದ್ರ ಬೈದು ಬಿಟ್ಟಬಿಡ್ತಿದ್ದೆ,” ಎಂದರು ಕೊನೆಗೆ. “ಹನ್ನೊಂದನೇ ದಿನ ಹೇಳಿದಿ. ಈಗ ನಿನಗ ಏನ ಮಾಡಲಿ ಹೇಳು.”

ತಿಂಗಳು ಮುಗಿಯುವವರೆಗೆ ಇರು, ವಹಿಗಳನ್ನು ಒಪ್ಪಿಸಿ ಹೋಗು ಎಂದರು. ಆ ತಿಂಗಳು ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅದು ನ್ಯಾಯವೇ ಆಗಿತ್ತು.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಗಾಡಿಗಳ ದುರಸ್ತಿಯನ್ನು ಪಂಪಿನ ವಿಮೆಯವರು ಒಪ್ಪಿಕೊಂಡರು. ಜೀಪಿನವನಿಗೆ ಗಾಡಿ ಮರಳಿ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಹಾಳಾದ ಎಣ್ಣೆಯ ನಷ್ಟ ಮಾಲಕರ ತಲೆಗೆ ಬಂತು. ಕಂಪನಿಯವರು ಪಂಪನ್ನು ಕೆಲವು ವಾರ ಮುಚ್ಚಿಸಿದರು. ಹೆಣ್ಣುಮಗಳ ವಿಷಯದಲ್ಲಿ ಸರ್ವೇಯರ್ ಹೇಳಿದಂತೆಯೇ ವಿಮೆಯವರು ಒಪ್ಪಲಿಲ್ಲ. ಆಸ್ಪತ್ರೆಯ ವೆಚ್ಚವನ್ನು ಮಾಲಕರು ಯಾರೂ ಹೇಳದೆ ತಾವೇ ನೋಡಿಕೊಂಡರು. ನನ್ನ ಪಾಲನ್ನು ನಾನು ಹಾಕಿದೆ. ಆಕೆಯ ಎಡಗೈ ಪೂರ್ತಿ ಸರಿಹೋಯಿತು. ಬಲಗೈಯ ಎರಡು ಬೆರಳು ಮಡಚಲಿಲ್ಲ. ನಾನು ಹೋಗಿ ನಿಜ ಹೇಳಿದಾಗ ಆಕೆ, ಇನ್ನು ಮುಂದೆ ಬರಬೇಡಿ ಎಂದಳು. ಗಂಡನೂ ಅದನ್ನೇ ಹೇಳಿದ. ನಾನು ಮತ್ತೆ ಹೋಗಲಿಲ್ಲ. ಸಿಂದಗಿಯ ತೊಗರಿ ಬೇಳೆ ಮಿಲ್ಲೊಂದರಲ್ಲಿ ಕಾರಕೂನನಾಗಿ ಸೇರಿದೆ.

ಇದೆಲ್ಲ ನಂತರದ್ದು. ಹೇಳಿಕೆ ಕೊಟ್ಟ ಮರುದಿನ ನಾನು ಮಾಡಿದ ಕೆಲಸ ಬೇರೆ ಇತ್ತು. ಚಾಲಕನಿಗೆ ಈ ಸುದ್ದಿ ಪತ್ರದಲ್ಲೋ ಗುತ್ತಿಗೆದಾರನ ಬಾಯಲ್ಲೋ ಮುಟ್ಟಬಾರದು ಅನ್ನಿಸಿ, ಬೆಳಿಗ್ಗೆ ಬಸ್ಸು ಹತ್ತಿ ಇಂಡಿಗೆ ಹೋದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಟ್ಯಾಂಕರ್ ಓಡಿಸುವವನ ಮನೆ ಎಂದರೆ ಓಣಿಯವರು ತೋರಿಸಿದರು. ಅವನು ಪಡಸಾಲೆಯಲ್ಲಿ ಕೂತಿದ್ದ. ನನ್ನನ್ನು ಗುರುತಿಸಿ ಎದ್ದು ನಿಂತ, ಕೂರಿ ಎಂದ. ಅವನ ಹೆಂಡತಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಿಟ್ಟಳು. ಮತ್ತೇನೋ ವಿಚಾರಣೆಗೆ ಬಂದಿದ್ದೇನೆಂದು ಇಬ್ಬರೂ ಅಂದುಕೊಂಡಿದ್ದರು. ಆಕೆ ಬಾಗಿಲ ಮರೆಗೆ ಹೋಗಿ ನಿಂತಳು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬರಲಿಲ್ಲ. ಮುಚ್ಚಳ ಕೂರಿಸಿದ್ದು, ಅವನು ಹೋದ ಮೇಲೆ ಬದಲಿಸಿದ್ದು, ಅವನನ್ನು ಕರೆಸಿದ ದಿನ ಸುಮ್ಮನೆ ನಿಂತದ್ದು, ನಿನ್ನೆ ಬರೆದುಕೊಟ್ಟದ್ದು, ಅಷ್ಟನ್ನೇ ಇದ್ದಹಾಗೆ ಹೇಳಿದೆ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡಿದ್ದೆ. ಅವನ ಮುಖ ಮಾತ್ರ ಬಹಳ ನಿಧಾನವಾಗಿ ಸಡಿಲವಾಯಿತು.

“ನಾ ಬಿಜಾಪುರಕ್ಕ ಹೋಗಿ ಕಣ್ಣ ತೋರಿಸ್ಕೊಂಡ ಬಂದೇನ್ರಿ,” ಎಂದ. “ಬಣ್ಣಬಣ್ಣದ ಚುಕ್ಕಿ ತೋರಿಸಿ ಅಂಕಿ ಓದು ಅಂದ್ರು. ಓದಿದೆ. ಕಣ್ಣ ಚಲೋ ಅದಾವು ಅಂದ್ರು. ಆದ್ರೂ ನಂಬಿಕಿ ಬರಲಿಲ್ಲ. ಹದಿನೆಂಟ ವರ್ಷ ಗಾಡಿ ಹೊಡದೇನಿ. ಅವತ್ತಿನಿಂದ ಸಿಗ್ನಲ್ ನೋಡಿದ್ರೂ, ಇಕಿ ಸೀರಿ ನೋಡಿದ್ರೂ, ಇದು ಕೆಂಪೇನ ಅಂತ ಇಕೀನ್ನ ಕೇಳ್ತಿದ್ದೆ.”

ತಪ್ಪಾಯಿತು ಎಂದೆ. ಅದು ಅವನ ಕಿವಿಗೆ ಬಿತ್ತೋ ಇಲ್ಲವೋ.

“ಹಂಗಾದ್ರ ಅದು ಕೆಂಪೇ ಇತ್ತೇನ್ರಿ?” ಎಂದು ಕೇಳಿದ.

“ಹೌದು. ಕೆಂಪೇ ಇತ್ತು.”

ಅವನು ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಹೊರಗೆ ಕರೆದ. ಆಕೆ ಬಂದು, ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿ ನಿಂತಳು.

“ಇನ್ನೊಮ್ಮೆ ಹೇಳ್ರಿ,” ಎಂದ ಅವನು. “ಇಕಿ ಕೇಳಲಿ.”

ನಾನು ಎದ್ದು ನಿಂತು, ಆಕೆಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.